ಮತದಾರರ ಪಟ್ಟಿ ಮತ್ತು ಗುರುತಿನ ಗಣಿತ

ಯಾವ ಅಳತೆಯೂ ದೋಷರಹಿತವಲ್ಲವೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ಮೊದಲ ದಿನವೇ ತಿಳಿದುಬರುವ ಸಂಗತಿ. ಸರಳಿನ ಉದ್ದವನ್ನು ಅಳೆದಾಗ, ಲೋಲಕದ ಆವರ್ತಕಾಲವನ್ನು ಎಣಿಸಿದಾಗ, ಉತ್ತರದ ಜೊತೆಗೆ ದೋಷದ ಪ್ರಮಾಣವನ್ನೂ ಬರೆಯುತ್ತೇವೆ. "ಈ ವ್ಯಕ್ತಿ ಇಂಥವರೇ ಹೌದೇ?" ಎಂದು ನಿರ್ಧರಿಸುವುದೂ ಒಂದು ಬಗೆಯ ಅಳತೆಯೇ. ಅದರಲ್ಲಿಯೂ ದೋಷವುಂಟು. ವ್ಯತ್ಯಾಸವೇನೆಂದರೆ, ಇಲ್ಲಿ ದೋಷದ ಫಲವನ್ನು ಅನುಭವಿಸುವುದು ಸರಳಲ್ಲ, ಮನುಷ್ಯ.

ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಬಾಳಿದ ಹಿರಿಯ ಹೆಂಗಸೊಬ್ಬರನ್ನು ಕಲ್ಪಿಸಿಕೊಳ್ಳೋಣ. ಊರೊಳಗೆ ಅವರಿಗೆ ಗುರುತಿನ ಚೀಟಿಯ ಅಗತ್ಯವಿಲ್ಲ. ಇಂಥವರ ಮಗಳು, ಇಂಥವರ ಸೊಸೆ ಎಂದು ಎಲ್ಲರೂ ಬಲ್ಲರು. ಆದರೆ ಮತ ಹಾಕಬೇಕಾದರೆ ಅವರ ಹೆಸರು ಮತದಾರರ ಪಟ್ಟಿಯಲ್ಲಿರಬೇಕು. 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮದಂತೆ ಈ ಪಟ್ಟಿ ಸಿದ್ಧವಾಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿ ಗುರುತಿನ ಚೀಟಿಯಿದ್ದರೂ ಮತವಿಲ್ಲ. ಊರಿನ ಅರಿವನ್ನು ಕಾಗದದ ಅರಿವಾಗಿ ಮಾರ್ಪಡಿಸುವುದೇ ನೋಂದಣಿ. ಕಷ್ಟಗಳೆಲ್ಲ ಹುಟ್ಟುವುದು ಈ ಮಾರ್ಪಾಟಿನಲ್ಲಿಯೇ.

ಹೆಸರಿಲ್ಲದ ಮತದಾರರು

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆಯಿತು. ಮತದಾರರ ಸಂಖ್ಯೆ 17 ಕೋಟಿಗೂ ಮಿಕ್ಕಿತ್ತು. ಪಟ್ಟಿಯನ್ನು ಸಿದ್ಧಪಡಿಸುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಬಹುಮಂದಿ ಸ್ತ್ರೀಯರು ಅಪರಿಚಿತರಿಗೆ ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ತಾಯಿ, ಇಂಥವರ ಪತ್ನಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದು ಸಲ್ಲದೆಂದು ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ನಿರ್ಧರಿಸಿದರು. ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯ ನಮೂದುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಇವರು ಸುಳ್ಳು ಮತದಾರರಲ್ಲ. ಜೀವಂತವಾಗಿದ್ದ, ಅರ್ಹತೆಯಿದ್ದ ಪ್ರಜೆಗಳು. ಅವರಲ್ಲಿ ಇಲ್ಲದಿದ್ದುದು ಹಕ್ಕಲ್ಲ, ಪಟ್ಟಿಗೆ ಬೇಕಾದ ರೂಪದ ಗುರುತು.

ಒಂದೇ ಹೆಸರು, ಮೂವತ್ತೆರಡು ರೂಪ

ಇಂದು ಹೆಸರು ಹೇಳಲು ಯಾರೂ ಹಿಂಜರಿಯುವುದಿಲ್ಲ. ಆದರೆ ಹೆಸರಿನ ತೊಡಕು ಬೇರೊಂದು ವೇಷದಲ್ಲಿ ಉಳಿದುಕೊಂಡಿದೆ. ಗುರುತಿನ ಚೀಟಿಗಳಲ್ಲಿ ಹೆಸರನ್ನು ಕನ್ನಡದ ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆಯುತ್ತಾರೆ. ಪುಟ್ಟಸ್ವಾಮಿಯವರ ಪತ್ನಿ ಲಕ್ಷ್ಮಮ್ಮ ಎಂಬ ನಮೂದನ್ನು ತೆಗೆದುಕೊಳ್ಳಿ. "ಕ್ಷ"ವನ್ನು ಕೆ, ಎಸ್, ಎಚ್ ಎಂಬ ಮೂರಕ್ಷರಗಳಿಂದ ಬರೆಯಬಹುದು, ಎಕ್ಸ್ ಎಂಬ ಒಂದೇ ಅಕ್ಷರದಿಂದಲೂ ಬರೆಯಬಹುದು. ಕೊನೆಯ "ಮ್ಮ"ಕ್ಕೆ ಒಂದು ಎಮ್ ಹಾಕುವವರೂ ಉಂಟು, ಎರಡು ಹಾಕುವವರೂ ಉಂಟು. ಹೀಗೆ ಹೆಂಡತಿಯ ಹೆಸರಿಗೆ 4 ರೂಪಗಳಾದವು. ಗಂಡನ ಹೆಸರಿನಲ್ಲಿ "ಟ್ಟ"ಕ್ಕೆ ಒಂದು ಅಥವಾ ಎರಡು ಟಿ, "ಸ್ವಾ"ದಲ್ಲಿ ಡಬ್ಲ್ಯು ಅಥವಾ ವಿ, ಕೊನೆಯಲ್ಲಿ ವೈ ಅಥವಾ ಐ. ಒಟ್ಟು 8 ರೂಪಗಳು. ಇವೆರಡನ್ನೂ ಗುಣಿಸಿದರೆ ಒಂದೇ ನಮೂದಿಗೆ 32 ರೂಪಗಳು! ಪಡಿತರ ಚೀಟಿಯಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ರೂಪವಿದ್ದರೆ ಸೋಜಿಗವೇನು?

ಎರಡು ಪದಗಳ ನಡುವಣ ವ್ಯತ್ಯಾಸವನ್ನು ಸಂಖ್ಯೆಯಲ್ಲಿ ಹೇಳುವ ವಿಧಾನವನ್ನು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಪ್ರಕಟಿಸಿದರು. ಒಂದು ಪದವನ್ನು ಮತ್ತೊಂದಾಗಿ ಮಾಡಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ಪದಗಳ ನಡುವಣ "ದೂರ". ಇಂಗ್ಲಿಷ್ ಅಕ್ಷರಗಳಲ್ಲಿ ಲಕ್ಷ್ಮಮ್ಮ ಎಂಬ ಹೆಸರಿನ ಎರಡು ರೂಪಗಳ ನಡುವಣ ದೂರ 3. ಮೂರಕ್ಷರಗಳ ಸ್ಥಾನದಲ್ಲಿ ಎಕ್ಸ್ ಬಂದಿದೆ. ಶಿವಮ್ಮ ಮತ್ತು ದೇವಮ್ಮ ಎಂಬ ಇಬ್ಬರು ಬೇರೆ ಬೇರೆ ಹೆಂಗಸರ ನಡುವಣ ದೂರವೂ 3. ಜಯಮ್ಮ ಮತ್ತು ಜಯಣ್ಣ ಎಂಬ ಅಕ್ಕತಮ್ಮಂದಿರ ನಡುವಣ ದೂರ ಬರಿಯ 2! ಒಬ್ಬರೇ ಎಂದು ಒಪ್ಪಲು ಎಲ್ಲಿ ಗೆರೆ ಎಳೆಯಬೇಕು? 3ರವರೆಗೆ ಒಪ್ಪಿದರೆ ಶಿವಮ್ಮ ದೇವಮ್ಮನಾಗುತ್ತಾರೆ. 1ಕ್ಕೆ ನಿಲ್ಲಿಸಿದರೆ ಲಕ್ಷ್ಮಮ್ಮನವರೇ ಲಕ್ಷ್ಮಮ್ಮನಲ್ಲವೆಂದಾಗುತ್ತದೆ. ವಯಸ್ಸು, ಮನೆಯ ವಿಳಾಸ, ಸಂಬಂಧಿಯ ಹೆಸರು ಇವನ್ನು ಕೂಡಿಸಿ ನೋಡಿದರೆ ತೊಡಕು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಎರಡು ಬಗೆಯ ತಪ್ಪುಗಳು

ಗುರುತಿಸುವ ಕ್ರಮ ಯಾವುದೇ ಇರಲಿ, ತಪ್ಪು ಎರಡು ಬಗೆಯದಾಗಿರುತ್ತದೆ. ಅನ್ಯರನ್ನು ಒಪ್ಪಿಕೊಳ್ಳುವುದು ಒಂದು. ನಿಜವಾದವರನ್ನು ತಿರಸ್ಕರಿಸುವುದು ಇನ್ನೊಂದು. ಗೆರೆಯನ್ನು ಬಿಗಿಮಾಡಿದರೆ ಮೊದಲನೆಯದು ತಗ್ಗಿ ಎರಡನೆಯದು ಹೆಚ್ಚುತ್ತದೆ, ಸಡಿಲಿಸಿದರೆ ಇದಕ್ಕೆ ವ್ಯತಿರಿಕ್ತ. ಗೆರೆಯನ್ನು ಸರಿಸುವುದರಿಂದಲೇ ಎರಡನ್ನೂ ಒಟ್ಟಿಗೆ ತಗ್ಗಿಸಲು ಸಾಧ್ಯವಿಲ್ಲ.

ಹೆಸರನ್ನು ಬಿಟ್ಟು ಬೆರಳಚ್ಚನ್ನು ಹಿಡಿದರೂ ಈ ನಿಯಮ ತಪ್ಪುವುದಿಲ್ಲ. ಬೆರಳಚ್ಚಿನ ಮೊದಲ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿಯೇ ಸ್ಥಾಪಿತವಾಯಿತು. ಇಂದಿನ ದೃಗ್ಯಂತ್ರದಲ್ಲಿ ಬೆರಳನ್ನು ಗಾಜಿನ ಪಟ್ಟಕದ ಮೇಲೆ ಒತ್ತುತ್ತಾರೆ. ಗಾಜಿನೊಳಗಿನಿಂದ ಬರುವ ಬೆಳಕು ಸುಮಾರು 42 ಡಿಗ್ರಿಯ ಸಂದಿಗ್ಧ ಕೋನವನ್ನು ಮೀರಿ ಬಿದ್ದರೆ, ಗಾಳಿಯಿರುವೆಡೆ ಸಂಪೂರ್ಣವಾಗಿ ಪ್ರತಿಫಲಿಸುತ್ತದೆ. ಚರ್ಮದ ಏಣು ಗಾಜನ್ನು ಮುಟ್ಟಿರುವೆಡೆ ಪ್ರತಿಫಲನ ಕೆಡುತ್ತದೆ. ಹೀಗೆ ಏಣುಗಳು ಕಪ್ಪಾಗಿಯೂ ನಡುವಣ ತಗ್ಗುಗಳು ಬೆಳ್ಳಗೂ ಮೂಡುತ್ತವೆ. ಏಣು ಸವೆದಿದ್ದರೆ ಚಿತ್ರವೇ ಮಸುಕು. ರಾಮನಗರ–ಕನಕಪುರದ ಸೀಮೆ ರೇಷ್ಮೆಗೂ ಕಲ್ಲಿಗೂ ಹೆಸರಾದುದು. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ದಿನವೆಲ್ಲ ನೂಲು ಬಿಚ್ಚುವ ಕೈಗಳೂ, ಕಲ್ಲೊಡೆಯುವ ಕೈಗಳೂ ಇಂಥ ಯಂತ್ರದ ಮುಂದೆ ಸೋಲುವುದು ಸಹಜ. ದುಡಿದಷ್ಟೂ ಗುರುತು ಅಳಿಯುವುದೆಂದರೆ ಎಂಥ ವಿಪರ್ಯಾಸ! ಪುಣ್ಯವಶಾತ್, ಮತ ಹಾಕಲು ಬೆರಳಚ್ಚನ್ನು ಯಂತ್ರದಲ್ಲಿ ಹೋಲಿಸಿ ನೋಡುವ ಕ್ರಮ ನಮ್ಮಲ್ಲಿಲ್ಲ.

ಜೋಡಿಗಳ ಲೆಕ್ಕ

ಒಬ್ಬರ ಹೆಸರು ಎರಡು ಕಡೆ ಇದೆಯೇ ಎಂದು ಪಟ್ಟಿಯನ್ನು ಶೋಧಿಸುವಾಗ ತೊಡಕು ಇನ್ನೂ ಹೆಚ್ಚು. ಪ್ರತಿಯೊಂದು ನಮೂದನ್ನೂ ಉಳಿದೆಲ್ಲದರೊಡನೆ ಹೋಲಿಸಬೇಕಷ್ಟೆ. 1,000 ಮತದಾರರ ಒಂದು ಮತಗಟ್ಟೆಯಲ್ಲಿ 4,99,500 ಜೋಡಿಗಳಾಗುತ್ತವೆ. 2 ಲಕ್ಷ ಮತದಾರರ ವಿಧಾನಸಭಾ ಕ್ಷೇತ್ರವೊಂದರಲ್ಲಿ ಸುಮಾರು 2,000 ಕೋಟಿ ಜೋಡಿಗಳು! ಹತ್ತು ಲಕ್ಷಕ್ಕೊಂದು ಜೋಡಿ ಮಾತ್ರ ಆಕಸ್ಮಿಕವಾಗಿ ಒಂದೇ ತೆರನಾಗಿ ಕಾಣುವುದೆಂದು ಊಹಿಸಿದರೂ, 20,000 ಜೋಡಿ ನಿರ್ದೋಷಿಗಳು ಸಂಶಯಕ್ಕೆ ಗುರಿಯಾಗುತ್ತಾರೆ. ಆದುದರಿಂದ ಗಣಕಯಂತ್ರವು ಒಂದೇ ತೆರನಾದ ನಮೂದುಗಳನ್ನು ಆಯ್ದುಕೊಟ್ಟರೆ ಅದು ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ ಮನೆಗೆ ಹೋಗಿ ನೋಡಿಬರಬೇಕೆಂಬ ಕ್ರಮಕ್ಕೆ ಕಾರಣ ಇದೇ.

ಶಾಯಿಯ ಜಾಣತನ

ಇಲ್ಲಿ ನಮ್ಮ ಮೈಸೂರಿನ ಶಾಯಿಯನ್ನು ನೆನೆಯಬೇಕು. 1962ರ ಚುನಾವಣೆಯಿಂದ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಅಲ್ಲಿನ ಬಣ್ಣ ಮತ್ತು ಅರಗು ಕಾರ್ಖಾನೆ ತಯಾರಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಚರ್ಮದ ಲವಣದೊಡನೆ ಕೂಡಿ ಬೆಳ್ಳಿಯ ಕ್ಲೋರೈಡಾಗಿ, ಬೆಳಕು ತಗಲಿದಾಗ ಕಪ್ಪಾಗುತ್ತದೆ. ಚರ್ಮ ಉದುರಿ ಉಗುರು ಬೆಳೆಯುವವರೆಗೂ ಕಲೆ ಹೋಗದು. ಈ ಶಾಯಿ "ನೀನು ಯಾರು?" ಎಂದು ಕೇಳುವುದೇ ಇಲ್ಲ, "ಈಗಾಗಲೇ ಮತ ಹಾಕಿರುವೆಯಾ?" ಎಂದಷ್ಟೇ ಕೇಳುತ್ತದೆ. ಪ್ರಶ್ನೆಯನ್ನು ಕಿರಿದುಮಾಡಿದುದರಿಂದ ಉತ್ತರ ಸುಲಭವಾಯಿತು. ಎರಡು ಬಾರಿ ಮತ ಹಾಕುವುದನ್ನು ತಡೆಯಲು ಎಲ್ಲರ ಗುರುತನ್ನೂ ಬಿಗಿಗೊಳಿಸಬೇಕಾದುದಿಲ್ಲ.

ಕಾನೂನು ಕೊಟ್ಟಿರುವ ರಕ್ಷೆ

ದೋಷ ತಪ್ಪದೆಂದಾದ ಮೇಲೆ, ಅದನ್ನು ತಿದ್ದುವ ದಾರಿಯಿರಬೇಕು. ನಮ್ಮ ಕಾನೂನಿನಲ್ಲಿ ಅಂಥ ದಾರಿಗಳುಂಟು. ವಾಸಸ್ಥಳ ಬದಲಾಯಿತೆಂದೋ ಅರ್ಹತೆಯಿಲ್ಲವೆಂದೋ ಒಬ್ಬರ ಹೆಸರನ್ನು ತೆಗೆಯುವ ಮುನ್ನ ಅವರ ಮಾತನ್ನು ಕೇಳಬೇಕು. ಹಿಂದಿನ ಪಟ್ಟಿಯಲ್ಲಿದ್ದವರನ್ನು ತಿಳಿವಳಿಕೆಪತ್ರ ಕೊಡದೆ ತೆಗೆಯಬಾರದೆಂಬುದನ್ನು ಸುಪ್ರೀಂ ಕೋರ್ಟು 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ನೋಂದಣಾಧಿಕಾರಿಯ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮತಗಟ್ಟೆಯಲ್ಲಿ ಒಬ್ಬರ ಗುರುತನ್ನು ಪ್ರಶ್ನಿಸುವ ಏಜೆಂಟನು 2 ರೂಪಾಯಿ ಠೇವಣಿಯಿಟ್ಟು, ಮೊದಲು ತಾನೇ ಆಧಾರ ತೋರಿಸಬೇಕು. ನಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿಬಿಟ್ಟಿದ್ದರೆ, ಗುರುತನ್ನು ಸಮರ್ಥಿಸಿ ಬೇರೊಂದು ಮತಪತ್ರವನ್ನು ಪಡೆಯಬಹುದು. ಅದನ್ನು ಪ್ರತ್ಯೇಕವಾಗಿ ಕಾದಿರಿಸುತ್ತಾರೆ. ಚೀಟಿಯಲ್ಲಿರುವ ಸಣ್ಣಪುಟ್ಟ ಕಾಗುಣಿತದ ತಪ್ಪುಗಳನ್ನು ಗಣಿಸಬಾರದೆಂದು ಆಯೋಗವೇ ಸೂಚಿಸಿದೆ.

ವಿದ್ಯಾರ್ಥಿಗಳಿಗೆ

ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2022ರಿಂದೀಚೆಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ಅರ್ಹತಾ ದಿನಗಳಾಗಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೂ ವಾಸಸ್ಥಳದ ಬದಲಾವಣೆಗೂ ನಮೂನೆ 8. ಊರು ಬಿಟ್ಟು ವಿದ್ಯಾರ್ಥಿನಿಲಯದಲ್ಲಿರುವವರು ತಮ್ಮ ಮನೆಯ ವಿಳಾಸದಲ್ಲಾಗಲಿ ನಿಲಯದ ವಿಳಾಸದಲ್ಲಾಗಲಿ ನೋಂದಾಯಿಸಿಕೊಳ್ಳಬಹುದು, ಎರಡು ಕಡೆಯಲ್ಲಿ ಕೂಡದು.

ಕರಡು ಪಟ್ಟಿ ಪ್ರಕಟವಾದಾಗ ವಿದ್ಯಾವಂತರು ತಮ್ಮ ಹೆಸರನ್ನಷ್ಟೇ ಅಲ್ಲದೆ ಅಜ್ಜಿಯ ಹೆಸರನ್ನೂ ನೆರೆಮನೆಯವರ ಹೆಸರನ್ನೂ ಓದಿನೋಡಿದರೆ ಒಳ್ಳೆಯದು. ಯಂತ್ರಕ್ಕೆ ಲಕ್ಷ್ಮಮ್ಮನವರ ಎರಡು ರೂಪಗಳ ನಡುವಣ ದೂರ 3. ಅವರನ್ನು ಬಲ್ಲವರಿಗೆ ಅದು ಸೊನ್ನೆ. ಪಟ್ಟಿಯ ದೋಷವನ್ನು ಮತದಾನದ ದಿನಕ್ಕೆ ಮೊದಲೇ ಕಂಡುಹಿಡಿಯಬಲ್ಲವರು ಅಂಥವರೇ.