ಹಳೆಯ ಜಿಪ್ಸಿಗೆ ಕಾರ್ಬುರೇಟರೋ, ಇಂಜೆಕ್ಷನ್ನೋ?

ರೋಣ, ನರಗುಂದದ ಎರೆನೆಲಕ್ಕೆ ಎರಡು ಮುಖ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಟ್ಟಿನಂಥ ದೂಳೆಬ್ಬಿಸುತ್ತದೆ. ಮಳೆ ಬಿತ್ತೆಂದರೆ ಗಾಲಿಗೆ ಮೆತ್ತಿಕೊಂಡು ಗಾಡಿಯನ್ನು ನಿಂತಲ್ಲೇ ಹಿಡಿದುಬಿಡುತ್ತದೆ. ಬೆಣ್ಣೆಹಳ್ಳ ತುಂಬಿದರೆ ಹೊಲದ ದಾರಿಯೇ ಇಲ್ಲ. ಗಜೇಂದ್ರಗಡದ ಕಡೆ ಹೊರಳಿದರೆ ಕಲ್ಲುಗುಡ್ಡದ ಏರು. ಇಂಥ ಸೀಮೆಯಲ್ಲಿ ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿ ಬೇಕೆನ್ನುವವರ ಕಣ್ಣು ಹಳೆಯ ಮಾರುತಿ ಜಿಪ್ಸಿಯ ಮೇಲೆ ಬೀಳುವುದು ಸಹಜ. ಆಗ ಏಳುವ ಪ್ರಶ್ನೆ: ಕಾರ್ಬುರೇಟರ್ ಇದ್ದಂತೆಯೇ ಇರಲೋ, ಇಂಜೆಕ್ಷನ್ ಮಾಡಿಸಲೋ? ಡೀಸೆಲ್ ಜೀಪು ಇದ್ದವರಿಗೆ ಈ ತಲೆನೋವಿಲ್ಲ. ಆ ಎಂಜಿನ್ನಿಗೆ ಕಾರ್ಬುರೇಟರ್ ಇರುವುದೇ ಇಲ್ಲ.

1985ರಲ್ಲಿ ಬಂದ ಮೊದಲ ಜಿಪ್ಸಿಯದು 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ ಎಂಜಿನ್ ಬಂತು. ಎರಡೂ ಕಾರ್ಬುರೇಟರಿನವು. 2000ದಲ್ಲಿ ಹೊಗೆಯ ನಿಯಮ ಬಿಗಿಯಾದಾಗ 1298 ಸಿಸಿ ಎಂಜಿನ್ 16 ವಾಲ್ವಿನ ಎಂಪಿಎಫ್ಐ ಆಯಿತು. ಶಕ್ತಿ ಸುಮಾರು 60ರಿಂದ 80 ಅಶ್ವಶಕ್ತಿಗೆ ಏರಿತು. ಆದರೆ ಈ ಏರಿಕೆಯಲ್ಲಿ ವಾಲ್ವುಗಳ ಪಾಲೂ ಇದೆ. ಹಳೆಯ ಎಂಜಿನ್ನಿಗೆ ಬರೀ ಇಂಜೆಕ್ಷನ್ ಜೋಡಿಸಿ ಅಷ್ಟೇ ಎಳೆತ ಬಯಸಿದರೆ ನಿರಾಸೆಯೇ ಗತಿ.

ಏರಿನಲ್ಲಿ ಇಂಜೆಕ್ಷನ್ ಮೇಲು

ಕಾರ್ಬುರೇಟರ್ ಎಂದರೆ ಪೆಟ್ರೋಲಿನ ಪುಟ್ಟ ಬಟ್ಟಲು. ಅದರೊಳಗಿನ ಫ್ಲೋಟ್ ಪೆಟ್ರೋಲಿನ ಮಟ್ಟ ಕಾಯುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಜೆಟ್ಟಿನ ಮೂಲಕ ಪೆಟ್ರೋಲನ್ನು ಹೀರುತ್ತದೆ. ಗಾಡಿ ಕಡಿದಾದ ಏರಿನಲ್ಲಿ ವಾಲಿದರೆ ಬಟ್ಟಲೂ ವಾಲುತ್ತದೆ. ಆಗ ಎಂಜಿನ್ ಮುಗ್ಗರಿಸಬಹುದು, ಇಲ್ಲವೆ ಪೆಟ್ರೋಲು ಉಕ್ಕಿ ಬಂದಾಗಬಹುದು. ಇಂಜೆಕ್ಷನ್ನಿನಲ್ಲಿ ಪಂಪು ಒತ್ತಡದಿಂದ ಪೆಟ್ರೋಲು ಕಳಿಸುತ್ತದೆ. ಎಷ್ಟು ಬೇಕೆಂಬುದನ್ನು ಇಸಿಯು ಎಂಬ ಪುಟ್ಟ ಗಣಕಯಂತ್ರ ಲೆಕ್ಕ ಹಾಕುತ್ತದೆ. ಗಾಡಿ ಹೇಗೆ ವಾಲಿದರೂ ಅದಕ್ಕೆ ಹೆಚ್ಚು ಚಿಂತೆಯಿಲ್ಲ.

ಈಗಿನ ಪೆಟ್ರೋಲೂ ಇಂಜೆಕ್ಷನ್ನಿನ ಪರವೇ. 2023ರಿಂದ ಬಂಕುಗಳಿಗೆ ಬರತೊಡಗಿದ ಇ20 ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. 1 ಕೆಜಿ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ ಸುಮಾರು 9 ಕೆಜಿ ಸಾಕು. ಜೆಟ್ಟಿನ ತೂತು ಬದಲಾಗದು, ಹೀಗಾಗಿ ಮಿಶ್ರಣ ತೆಳುವಾಗುತ್ತದೆ. ಆಮ್ಲಜನಕ ಸೆನ್ಸರ್ ಇರುವ ಇಂಜೆಕ್ಷನ್ ಇದನ್ನು ತಾನೇ ಸರಿದೂಗಿಸುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಮಾತ್ರ ಎರಡರಲ್ಲೂ ಬದಲಿಸಬೇಕು.

ಕೆಟ್ಟು ನಿಂತಾಗ

ಊರಿಂದ ಎಂಟು ಮೈಲಿ ದೂರದ ಹೊಲದಲ್ಲಿ ಗಾಡಿ ನಿಂತರೆ ಲೆಕ್ಕ ತಿರುಗುತ್ತದೆ. ಜೆಟ್ಟಿನಲ್ಲಿ ಕಸ ಸಿಕ್ಕಿದ್ದರೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ, ಊದಿ, ಮತ್ತೆ ಜೋಡಿಸಬಹುದು. ಬ್ಯಾಟರಿ ಇಳಿದಿದ್ದರೂ ನಾಲ್ಕು ಮಂದಿ ದೂಡಿ ಸ್ಟಾರ್ಟ್ ಮಾಡಬಹುದು. ಇಂಜೆಕ್ಷನ್ನಿಗೆ ಪಂಪು, ಇಸಿಯು ಎರಡಕ್ಕೂ ಸಾಕಷ್ಟು ಕರೆಂಟು ಬೇಕು; ಬ್ಯಾಟರಿ ಪೂರ್ತಿ ಸತ್ತಿದ್ದರೆ ದೂಡಿ ಉಪಯೋಗವಿಲ್ಲ. ಒಂದು ಸೆನ್ಸರ್ ಕೆಟ್ಟರೂ ದೋಷ ಹುಡುಕಲು ಸ್ಕ್ಯಾನರ್ ಇರುವ ಗ್ಯಾರೇಜು ಹುಡುಕಬೇಕು. ಹಳ್ಳದ ನೀರು ಮಾತ್ರ ಇಬ್ಬರಿಗೂ ವೈರಿ: ಒಂದರಲ್ಲಿ ಡಿಸ್ಟ್ರಿಬ್ಯೂಟರ್ ಒದ್ದೆಯಾಗುತ್ತದೆ, ಇನ್ನೊಂದರಲ್ಲಿ ಇಸಿಯು.

ಏನು ಮಾಡಬೇಕು?

ಮೊದಲು ತಪ್ಪು ಯಾರದೆಂದು ನೋಡಿ. ಎಂಜಿನ್ ತಡವರಿಸಿದೊಡನೆ ಕಾರ್ಬುರೇಟರನ್ನೇ ದೂರುವುದು ವಾಡಿಕೆ. ದೂಳು ಕಟ್ಟಿದ ಏರ್ ಫಿಲ್ಟರ್, ಸೀಳಿದ ವ್ಯಾಕ್ಯೂಮ್ ಪೈಪು, ಸವೆದ ಪ್ಲಗ್ಗು ಕೂಡ ಅದೇ ಆಟ ಆಡಿಸುತ್ತವೆ. ಇವನ್ನು ಸರಿಪಡಿಸಿ, ಕಾರ್ಬುರೇಟರಿಗೆ ಒಳ್ಳೆಯ ಕಿಟ್ ಹಾಕಿಸಿ, ಫ್ಲೋಟ್ ಮಟ್ಟ ಹೊಂದಿಸಿದರೆ ಬಹುಪಾಲು ಗಾಡಿಗಳು ಮತ್ತೆ ನೆಟ್ಟಗೆ ಓಡುತ್ತವೆ.

ಎಂಜಿನ್ನೇ ಸವೆದು ಹೋಗಿದ್ದರೆ ಮಾತು ಬೇರೆ. ಆಗ ಎಂಪಿಎಫ್ಐ ಜಿಪ್ಸಿಯ ಎಂಜಿನ್ನನ್ನು ಅದರ ವೈರಿಂಗು, ಇಸಿಯು, ಪಂಪುಗಳ ಸಮೇತ ಒಂದೇ ಗಾಡಿಯಿಂದ ತರುವುದು ಲೇಸು. ಅಲ್ಲೊಂದು ಇಲ್ಲೊಂದು ತಂದು ಕೂಡಿಸಿದ್ದು ಹೊಲದಲ್ಲೇ ಕೈಕೊಡುತ್ತದೆ. ಕೆಲಸಕ್ಕೆ ಮುಂಚೆ ಗದಗಿನ ಆರ್‌ಟಿಓ ಕಚೇರಿಯ ಅನುಮತಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಗಾಡಿಯ ಮಾರ್ಪಾಟಿಗೆ ಕಟ್ಟು ಹಾಕುತ್ತದೆ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು ದಾಖಲಾಗದಿದ್ದರೆ ವಿಮೆ ಕೇಳುವಾಗಲೂ ತೊಡಕು.

ಗುಡ್ಡದ ಏರೇ ನಿತ್ಯದ ಹಾದಿಯಾಗಿ, ಸ್ಕ್ಯಾನರ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಇಂಜೆಕ್ಷನ್ ಇರುವ ಜಿಪ್ಸಿಯನ್ನೇ ಕೊಳ್ಳಿ. ಹೊಲ, ಮನೆ, ಸಂತೆಗಷ್ಟೇ ಓಡಾಟವಿದ್ದು ಎಂಜಿನ್ ಗಟ್ಟಿಯಿದ್ದರೆ ಕಾರ್ಬುರೇಟರ್ ಇರಲಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರು ಹಾಕಿಸಿ. ಎರೆಮಣ್ಣಿನ ಕೆಸರಿನಿಂದ ಗಾಡಿಯನ್ನು ಹೊರಗೆ ಎಳೆಯುವುದು ಅವೇ.