ಶಾಸಕರ ಅವಧಿಯೂ ಮತದಾರರ ವಿವೇಕವೂ

'ಮತ' ಎಂಬ ಶಬ್ದವು ಆಲೋಚಿಸು ಎಂಬರ್ಥದ 'ಮನ್' ಧಾತುವಿನಿಂದ ಬಂದುದು. ಆದುದರಿಂದ ಆಲೋಚಿಸಿ ತಾಳಿದ ಅಭಿಪ್ರಾಯವೇ ಮತ, ಅದುಳ್ಳವನೇ ಮತದಾರ. ಆದರೆ ಅನೇಕರು ಮತಗಟ್ಟೆಗೆ ಹೋಗುವುದೇ ಇಲ್ಲ. ಹೋದವರಲ್ಲಿಯೂ ಹಲವರು ಕೇಳಿಬಲ್ಲ ಹೆಸರನ್ನೇ ಆರಿಸಿ ಮರಳುತ್ತಾರೆ. ಈ ಔದಾಸೀನ್ಯ, ಅಜ್ಞಾನಗಳಿಂದ ಒಬ್ಬರೇ ಬಹುಕಾಲ ಅಧಿಕಾರದಲ್ಲಿ ಉಳಿಯುವರೆಂದೂ, ಶಾಸಕತ್ವಕ್ಕೆ ಇಷ್ಟೇ ಬಾರಿಯೆಂಬ ಮಿತಿ ಬೇಕೆಂದೂ ಕೆಲವರು ವಾದಿಸುತ್ತಾರೆ.

ನಮ್ಮ ಸಂವಿಧಾನದ 172ನೆಯ ಅನುಚ್ಛೇದವು ವಿಧಾನಸಭೆಗೆ 5 ವರ್ಷಗಳ ಅವಧಿಯನ್ನು ಗೊತ್ತುಪಡಿಸಿದೆ. ಒಬ್ಬರು ಎಷ್ಟು ಬಾರಿ ಆಯ್ಕೆಯಾಗಬಹುದೆಂಬುದಕ್ಕೆ ಮಿತಿಯಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜನರಾದರೋ 1990ರಲ್ಲಿ ಮತದಾನದ ಮೂಲಕವೇ ತಮ್ಮ ಶಾಸಕರಿಗೆ ಅಂಥ ಮಿತಿಯನ್ನು ವಿಧಿಸಿದರು.

ಇದರಿಂದ ಹೊಸಬರಿಗೆ ಎಡೆ ದೊರೆಯುವುದು ನಿಜ. ಆದರೆ ಹಳಬರನ್ನೇ ಅರಿಯದ ಮತದಾರನು ಹೊಸಬರನ್ನು ಅರಿತಾನೆಯೇ? ಮರಳಿ ಜನರ ಮುಂದೆ ನಿಲ್ಲಬೇಕಾಗಿಲ್ಲದ ಶಾಸಕನಿಗೆ ಜನರ ಅಂಜಿಕೆ ಎಲ್ಲಿಯದು? ಯೋಗ್ಯನನ್ನು ಉಳಿಸಿಕೊಳ್ಳುವ ಹಕ್ಕೂ ಜನರ ಕೈತಪ್ಪುವುದು.

ನಮ್ಮ ಆಲೂರು ಸೀಮೆಯನ್ನೊಳಗೊಂಡ ಸಕಲೇಶಪುರ ಕ್ಷೇತ್ರವನ್ನೇ ನೋಡೋಣ. 2008, 2013, 2018ರಲ್ಲಿ ಶ್ರೀ ಎಚ್. ಕೆ. ಕುಮಾರಸ್ವಾಮಿಯವರನ್ನು ಆರಿಸಿದ ಕ್ಷೇತ್ರವು 2023ರಲ್ಲಿ ಶ್ರೀ ಎಸ್. ಮಂಜುನಾಥರನ್ನು ಆರಿಸಿತು. ಇವರಲ್ಲಿ ಯಾರು ಮೇಲೆಂಬುದು ಇಲ್ಲಿಯ ವಿಚಾರವಲ್ಲ. ಉಳಿಸುವ, ಬದಲಿಸುವ ಅಧಿಕಾರಗಳೆರಡೂ ಕಾನೂನಿನ ಮಿತಿಯಿಲ್ಲದೆಯೇ ಜನರ ಕೈಯಲ್ಲಿವೆಯೆಂಬುದೇ ವಿಚಾರ.

ಕಾಡಾನೆಗಳ ಹಾವಳಿಯಿಂದ ತೋಟ, ಗದ್ದೆಗಳನ್ನು ಕಳೆದುಕೊಳ್ಳುವ ಮಲೆನಾಡಿನ ರೈತನು ತನ್ನ ಶಾಸಕನು ಈ ಬಗ್ಗೆ ಏನು ಮಾಡಿದನೆಂದು ಕೇಳಿ ತಿಳಿದು ಮತ ನೀಡಿದರೆ ಅದೇ ನಿಜವಾದ ಮಿತಿ. 1989ರಿಂದ 18 ವರ್ಷ ತುಂಬಿದವರಿಗೆ ಮತಾಧಿಕಾರವಿದೆ. ವಿದ್ಯಾರ್ಥಿಗಳು ಹೀಗೆ ಕೇಳಿ ತಿಳಿಯುವ ಅಭ್ಯಾಸವನ್ನು ಶಾಲೆಯಲ್ಲಿರುವಾಗಲೇ ಬೆಳೆಸಿಕೊಳ್ಳಲಿ.