ರಕ್ತಕ್ಕೆ ಸಾಲ ಕೊಡುವ ಮೂಳೆ

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಲವಣದ ದ್ರಾವಣದಲ್ಲಿ ಅದು ಬಡಿಯುತ್ತಲೇ ಇರುವುದನ್ನು ತೋರಿಸಿ 1882ರಲ್ಲಿ ಲೇಖನ ಪ್ರಕಟಿಸಿದರು. ದ್ರಾವಣಕ್ಕೆ ಭಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಕೆಯಾಗಿತ್ತು ಎಂಬುದು ಗೊತ್ತಾದದ್ದು ಆಮೇಲೆ. ಶುದ್ಧ ನೀರಿನಲ್ಲಿ ಮಾಡಿ ನೋಡಿದರೆ ಬಡಿತ ಕ್ಷೀಣಿಸಿ ನಿಂತೇ ಹೋಯಿತು. ಚೂರು ಕ್ಯಾಲ್ಸಿಯಂ ಬೆರೆಸಿದ್ದೇ ತಡ, ಮತ್ತೆ ಶುರುವಾಯಿತು. 1883ರ ಲೇಖನದಲ್ಲಿ ರಿಂಗರ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ‘ಆರ್‌ಎಲ್ ಬಾಟಲಿ’ ಎನ್ನುತ್ತಾರಲ್ಲ, ಅದರಲ್ಲಿನ ‘ಆರ್’ ಇದೇ ರಿಂಗರ್.

ಕ್ಯಾಲ್ಸಿಯಂ ಎಂದ ಕೂಡಲೇ ನಮಗೆ ಮೂಳೆ, ಹಲ್ಲು ನೆನಪಾಗುತ್ತವೆ. ಆದರೆ ಅದರ ತುರ್ತು ಕೆಲಸವೆಲ್ಲ ಇರುವುದು ನರ, ಸ್ನಾಯುಗಳಲ್ಲಿ. ಬೆರಳು ಮಡಚಬೇಕೆಂದರೆ ಮೊದಲು ನರದ ತುದಿಗೆ ವಿದ್ಯುತ್ ಸಂಕೇತ ಬರಬೇಕು. ಆಗ ಕ್ಯಾಲ್ಸಿಯಂ ಒಳನುಗ್ಗಿದರೆ ಮಾತ್ರ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಬಿದ್ದು ಸ್ನಾಯುವನ್ನು ಎಚ್ಚರಿಸುತ್ತದೆ. ಸ್ನಾಯುತಂತುವಿನ ಒಳಚೀಲಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಅಲ್ಲೇ ಚೆಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಕ್ಟಿನ್ ಎಳೆಗಳ ಮೇಲಿದ್ದ ತಡೆ ಸರಿಯುತ್ತದೆ, ಮಯೋಸಿನ್ ಎಳೆಗಳು ಅವನ್ನು ಹಿಡಿದು ಜಗ್ಗುತ್ತವೆ. ಯಾವ ಎಳೆಯೂ ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ, ಅಷ್ಟೆ. 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇದನ್ನು ಹೇಳಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದರು, ಆಂಡ್ರ್ಯೂ ಮತ್ತು ಹ್ಯೂ. ಬಂಧುಗಳೇನಲ್ಲ!

ಸ್ನಾಯು ಸಡಿಲಾಗಲೂ ಶಕ್ತಿ ಬೇಕು. ಚೆಲ್ಲಿದ ಕ್ಯಾಲ್ಸಿಯಂ ಅನ್ನು ಚೀಲಕ್ಕೆ ವಾಪಸು ತುಂಬಲು, ಮಯೋಸಿನ್ ತನ್ನ ಹಿಡಿತ ಬಿಡಲು ಜೀವಕೋಶದ ಇಂಧನವಾದ ಎಟಿಪಿ ಖರ್ಚಾಗುತ್ತದೆ. ಸತ್ತ ಮೇಲೆ ಎಟಿಪಿ ಮುಗಿದು ಹಿಡಿತ ಹಾಗೇ ಉಳಿಯುವುದರಿಂದಲೇ ಹೆಣ ಸೆಟೆದುಕೊಳ್ಳುವುದು.

ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ 99 ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು 100 ಮಿ.ಲೀ.ಗೆ 8.5ರಿಂದ 10.5 ಮಿ.ಗ್ರಾಂ. ಈ ಮಟ್ಟ ಕೊಂಚ ಇಳಿದರೂ ಥೈರಾಯಿಡ್ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯಿಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಸಾಲ ಎತ್ತುತ್ತವೆ. ಥೈರಾಯಿಡ್ ಶಸ್ತ್ರಚಿಕಿತ್ಸೆಯಲ್ಲಿ ಅವಕ್ಕೆ ಪೆಟ್ಟಾದರೆ ತುಟಿ, ಬೆರಳು ಜುಮುಗುಟ್ಟಿ, ಕೈ ಸೆಟೆದು ಮಣಿಕಟ್ಟು ಒಳಕ್ಕೆ ಬಾಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಸ್ನಾಯು ಸೋಲಬೇಕಲ್ಲವೇ, ಸೆಟೆಯುವುದೇಕೆ? ನರಗಳ ಸೋಡಿಯಂ ದ್ವಾರಗಳು ಸುಮ್ಮಸುಮ್ಮನೆ ತೆರೆಯದಂತೆ ಹೊರಗಿನ ಕ್ಯಾಲ್ಸಿಯಂ ತಡೆದಿರುತ್ತದೆ. ಆ ಅಂಕೆ ತಪ್ಪಿದರೆ ನರಗಳು ಕಾರಣವಿಲ್ಲದೆ ಮಿಡಿಯತೊಡಗುತ್ತವೆ.

ಹಸುವಿನಲ್ಲಿ ಕತೆ ತಿರುಗುಮುರುಗು. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನದಲ್ಲೇ ಕುಸಿದು, ಕತ್ತನ್ನು ಪಕ್ಕೆಗೆ ಹೊರಳಿಸಿ ಮಲಗಿಬಿಡುತ್ತದೆ. ಕಿವಿ ಮುಟ್ಟಿದರೆ ತಣ್ಣಗೆ. ಇದೇ ಹಾಲುಜ್ವರ. 10 ಲೀಟರ್ ಗಿಣ್ಣುಹಾಲಿನಲ್ಲಿ 20 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಹೋಗುತ್ತದೆ. ಹಸುವಿನ ಇಡೀ ರಕ್ತದಲ್ಲಿ ಯಾವ ಹೊತ್ತಿಗೂ ಅಷ್ಟಿರುವುದಿಲ್ಲ. ಮೂಳೆಯಿಂದ ಬರಬೇಕಾದ್ದು ತಡವಾಗುತ್ತದೆ, ಸ್ನಾಯುಗಳು ಸೋತು ಕೂರುತ್ತವೆ. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ನಿಧಾನವಾಗಿ ಇಳಿಸುತ್ತಿದ್ದಂತೆ ಎಷ್ಟೋ ಹಸುಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು.

ಮನುಷ್ಯರ ಮೂಳೆಗೆ ತುಂಬಿಸಿಕೊಳ್ಳುವ ಕಾಲ ಎಳೆಯ ವಯಸ್ಸು. ಉದ್ದ ಮೂಳೆಗಳ ತುದಿಯ ಬಳಿಯ ಮೃದ್ವಸ್ಥಿ ಪದರ ಹರೆಯ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಎತ್ತರ ನಿಲ್ಲುತ್ತದೆ. ಸಾಂದ್ರತೆ ಮಾತ್ರ 30ರ ಆಸುಪಾಸಿನವರೆಗೂ ಹೆಚ್ಚುತ್ತದೆ. ಮುಂದೆ ಖರ್ಚೇ ಜಾಸ್ತಿ. ಹೆಂಗಸರಲ್ಲಿ ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲಂತೂ ಸವೆತದ ವೇಗ ಹೆಚ್ಚು. ಆಗಲೂ ದೇಹ ರಕ್ತದ ಲೆಕ್ಕವನ್ನೇ ಕಾಯುತ್ತದೆ, ಮೂಳೆ ಬರಿದಾದರೂ ಸರಿ. ಆದ್ದರಿಂದ ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದರೆ ಮೂಳೆ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. ಅದನ್ನು ತಿಳಿಯಲು ಡೆಕ್ಸಾ ಸ್ಕ್ಯಾನ್ ಎಂಬ ಬೇರೆಯೇ ಪರೀಕ್ಷೆ ಇದೆ.